ರೆಕಾರ್ಡ್ ಆದದ್ದು ಯಾರ ಪಾಲಿಗೆ?

ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಲು ಒಂದು ಬಾಕ್ಸ್ ಬೇಕು ಎಂದು ಅಂಗಡಿಗೆ ಹೋಗಿ ನೋಡಿ. ‘ಎಷ್ಟು ಜಿಬಿದು ಕೊಡ್ಲಿ ಸಾರ್?’ ಎಂಬುದೇ ಮೊದಲ ಪ್ರಶ್ನೆ. 500 ಜಿಬಿ ಅಂದರೆ ಇಷ್ಟು ಗಂಟೆ, ಒಂದು ಟಿಬಿ ಅಂದರೆ ಅಷ್ಟು ಗಂಟೆ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಗಿರಾಕಿಯೂ ಅದನ್ನೇ ಹಿಡಿದು ಚೌಕಾಸಿಗೆ ಇಳಿಯುತ್ತಾನೆ. ಜಾಗದ ಲೆಕ್ಕ ಕೊನೆಗೆ ಹಾಕಿದರೂ ನಡೆಯುತ್ತದೆ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ತೀರ್ಮಾನಿಸಬೇಕಾದ್ದು ಬೇರೆ ಇದೆ: ರೆಕಾರ್ಡ್ ಮಾಡುವುದು ನೋಡಿ ಅಳಿಸುವುದಕ್ಕೋ, ಇಟ್ಟುಕೊಳ್ಳುವುದಕ್ಕೋ?

ರಾತ್ರಿ ಒಂಬತ್ತರ ಧಾರಾವಾಹಿಯನ್ನು ಪಾತ್ರೆ ತೊಳೆದಿಟ್ಟ ಮೇಲೆ ಹತ್ತೂವರೆಗೆ ಕೂತು ನೋಡುವುದು ಒಂದು ಅಗತ್ಯ. ಮಗಳು ಚಂದನ ವಾಹಿನಿಯಲ್ಲಿ ಹಾಡಿದ ಅರ್ಧ ಗಂಟೆಯನ್ನು ಮುಂದೆ ಅವಳ ಮಕ್ಕಳಿಗೂ ಹಾಕಿ ತೋರಿಸಬೇಕು ಅನ್ನುವುದು ಇನ್ನೊಂದು. ಎರಡಕ್ಕೂ ಬೇಕಾದ ಯಂತ್ರ ಬೇರೆ ಬೇರೆ. ನಮ್ಮಲ್ಲಿ ಮಾರಾಟಕ್ಕಿರುವ ರೆಕಾರ್ಡರ್‌ಗಳಲ್ಲಿ ಬಹುಪಾಲು ಮೊದಲನೆಯದಕ್ಕೆಂದೇ ಮಾಡಿದವು. ಎರಡನೆಯದಕ್ಕೂ ಅವೇ ಸಾಕು ಎಂದುಕೊಂಡವರಿಗೆ ಪೆಟ್ಟು ಬೀಳುವುದು ಕೊಂಡ ದಿನವಲ್ಲ, ನಾಲ್ಕೈದು ವರ್ಷ ಕಳೆದ ಮೇಲೆ.

ವಿಸಿಆರ್ ಕಾಲದಲ್ಲಿ ಈ ತಕರಾರು ಇರಲಿಲ್ಲ. 1975ರಲ್ಲಿ ಸೋನಿ ಬೀಟಾಮ್ಯಾಕ್ಸ್ ತಂದಿತು, ಮರುವರ್ಷ ಜೆವಿಸಿ ವಿಎಚ್‌ಎಸ್ ತಂದಿತು. ಬೀಟಾಮ್ಯಾಕ್ಸ್‌ನ ಚಿತ್ರವೇ ಒಂದು ಕೈ ಮೇಲು ಎಂದು ಅದರ ಅಭಿಮಾನಿಗಳು ಈಗಲೂ ಜಗಳಕ್ಕೆ ಬರುತ್ತಾರೆ. ಆದರೆ ಶುರುವಿನ ಬೀಟಾ ಕ್ಯಾಸೆಟ್ ಹಿಡಿಯುತ್ತಿದ್ದದ್ದು ಒಂದು ಗಂಟೆ, ವಿಎಚ್‌ಎಸ್ ಎರಡು ಗಂಟೆ. ಒಂದು ಸಿನಿಮಾ ಪೂರ್ತಿ ಹಿಡಿಯದ ಕ್ಯಾಸೆಟ್ ಯಾರಿಗೆ ಬೇಕು? 1988ರ ಹೊತ್ತಿಗೆ ಸೋನಿಯೇ ವಿಎಚ್‌ಎಸ್ ಯಂತ್ರ ಮಾಡತೊಡಗಿತು. ನಮ್ಮ ಕಡೆ 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿವಿ ಬಂತು, ಅದರ ಬೆನ್ನಿಗೇ ವಿಸಿಆರ್ ಕೂಡ ಹರಡಿತು. ಆಗಲೂ ಕೊಳ್ಳುವವನಿಗೆ ಒಂದು ಹಳ್ಳ ತೋಡಿಟ್ಟಿತ್ತು. ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಿರುತ್ತಿದ್ದ ಎರಡು ಪೆಟ್ಟಿಗೆಗಳಲ್ಲಿ ಅಗ್ಗದ್ದು ವಿಸಿಪಿ. ಬಾಡಿಗೆ ಕ್ಯಾಸೆಟ್ ಹಾಕಿ ನೋಡುವುದಕ್ಕಷ್ಟೇ. ಒಳಗೆ ಟ್ಯೂನರ್ ಇಲ್ಲ, ರೆಕಾರ್ಡ್ ಗುಂಡಿಯೂ ಇಲ್ಲ. ‘ರಾಮಾಯಣ’ ಹಿಡಿದಿಡಬೇಕು ಎಂದು ವಿಸಿಪಿ ಹೊತ್ತು ತಂದವರಿದ್ದರು.

ಆದರೆ ರೆಕಾರ್ಡ್ ಆದ ಮೇಲೆ ಕ್ಯಾಸೆಟ್ ನಿಮ್ಮದು. ಅದರ ಬೆನ್ನಂಚಿನ ಮೂಲೆಯಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ಚೂರೊಂದು ಇರುತ್ತಿತ್ತು. ಚಮಚದ ಹಿಡಿಯನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ ಅದನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ ಮೇಲೆ ಇನ್ನೇನೂ ರೆಕಾರ್ಡ್ ಆಗುತ್ತಿರಲಿಲ್ಲ. ಮನಸ್ಸು ಬದಲಾದರೆ ಆ ತೂತಿನ ಮೇಲೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿದರೆ ಸಾಕು, ಮತ್ತೆ ರೆಕಾರ್ಡ್. ಇಡುವುದೋ ಅಳಿಸುವುದೋ ಎಂಬ ತೀರ್ಮಾನ ಕೊಂಡವನ ಬೆರಳ ತುದಿಯಲ್ಲಿತ್ತು. ಆ ಕ್ಯಾಸೆಟ್ಟನ್ನು ಅತ್ತೆ ಮನೆಗೆ ಒಯ್ದು ಅಲ್ಲಿನ ವಿಸಿಆರ್‌ಗೆ ಹಾಕಿದರೂ ಓಡುತ್ತಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಸಿನಿಮಾ ಕಂಪನಿಗಳಿಗೆ ಇದೇ ಹೊಟ್ಟೆಯುರಿ. ಯೂನಿವರ್ಸಲ್ ಮತ್ತು ಡಿಸ್ನಿ ಸೇರಿ ಸೋನಿಯ ಮೇಲೆ ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1984ರ ಜನವರಿಯಲ್ಲಿ ಐದು ನ್ಯಾಯಮೂರ್ತಿಗಳು ಸೋನಿಯ ಪರ, ನಾಲ್ವರು ವಿರುದ್ಧ. ಮನೆಯಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡಿದರೆ ತಪ್ಪಲ್ಲ ಎಂದಿತು ತೀರ್ಪು. ಅದು ಹಸಿರು ನಿಶಾನೆ ತೋರಿದ್ದು ‘ಆಮೇಲೆ ನೋಡುವುದಕ್ಕೆ’. ರಾಶಿ ಹಾಕಿ ಸಂಗ್ರಹ ಮಾಡಿಟ್ಟುಕೊಳ್ಳುವ ವಿಷಯವನ್ನು ನ್ಯಾಯಾಲಯ ಅಲ್ಲಿಗೇ ಬಿಟ್ಟಿತು. ಮುಂದೆ ಬಂದ ಯಂತ್ರಗಳಲ್ಲಿ ಬಹುಪಾಲು ಈ ಗೆರೆಯ ಮೊದಲ ಬದಿಯಲ್ಲೇ ನಿಂತವು ಅನ್ನುವುದನ್ನು ಗಮನಿಸಬೇಕು.

1999ರಲ್ಲಿ ಅಮೆರಿಕದಲ್ಲಿ ಟಿವೊ ಮತ್ತು ರೀಪ್ಲೇ ಟಿವಿ ಬಂದಾಗ ಕ್ಯಾಸೆಟ್ ಮಾಯವಾಗಿ ಪೆಟ್ಟಿಗೆಯೊಳಗೇ ಹಾರ್ಡ್‌ಡಿಸ್ಕ್ ಬಂದು ಕೂತಿತು. ನೇರ ಪ್ರಸಾರವನ್ನು ನಿಲ್ಲಿಸಿ ಫೋನ್ ಮುಗಿಸಿ ಬಂದು ಮುಂದುವರಿಸಬಹುದು ಎಂಬುದು ಆಗ ಮಾಯಾಜಾಲ. ಇಲ್ಲಿ 2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂತು, ಆಮೇಲೆ ಉಳಿದ ಡಿಟಿಎಚ್ ಕಂಪನಿಗಳೂ ರೆಕಾರ್ಡರ್ ಕೊಟ್ಟವು. ಅನುಕೂಲ ದೊಡ್ಡದು, ಸಂಶಯವಿಲ್ಲ. ಕೈಬಿಟ್ಟುಹೋದದ್ದು ಕ್ಯಾಸೆಟ್ ಹೊರಗೆ ತೆಗೆಯುವ ಗುಂಡಿ.

ಈ ರೆಕಾರ್ಡರ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಹಣ ಕಟ್ಟುವ ವಾಹಿನಿಯ ಸಂಕೇತ ಉಪಗ್ರಹದಿಂದ ಬೀಗ ಹಾಕಿಕೊಂಡೇ ಇಳಿಯುತ್ತದೆ. ನಿಮ್ಮ ಬಾಕ್ಸ್ ಚಂದಾ ಇದೆಯೇ ನೋಡಿ ಆ ಬೀಗ ತೆಗೆದು ಚಿತ್ರ ತೋರಿಸುತ್ತದೆ. ರೆಕಾರ್ಡ್ ಮಾಡಿ ಎಂದಾಗ ಅದನ್ನು ಡಿಸ್ಕಿಗೆ ಬರೆಯುವುದು ಮತ್ತೆ ಬೀಗ ಹಾಕಿಯೇ. ಕೀಲಿ ಇರುವುದು ಆ ಒಂದು ಬಾಕ್ಸಿನಲ್ಲಿ ಅಥವಾ ಅದರ ಕಾರ್ಡಿನಲ್ಲಿ ಮಾತ್ರ. ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಅರ್ಥವಿಲ್ಲದ ಅಂಕಿಗಳ ರಾಶಿ. ಅದೇ ಕಂಪನಿಯ, ಅದೇ ಮಾದರಿಯ ಪಕ್ಕದ ಮನೆಯ ಬಾಕ್ಸಿಗೆ ಹಾಕಿದರೂ ಅಷ್ಟೇ. ಪರಿಚಯದ ಹಿರಿಯರೊಬ್ಬರ ಮನೆಯಲ್ಲಿ ಸಿಡಿಲಿಗೆ ಬಾಕ್ಸ್ ಸುಟ್ಟಿತು. ಮರುದಿನವೇ ಕಂಪನಿಯವರು ಹೊಸದು ತಂದು ಜೋಡಿಸಿ, ಹಳೆಯದನ್ನು ನಿಯಮದ ಪ್ರಕಾರ ವಾಪಸು ಒಯ್ದರು. ಸೇವೆಗೆ ಹೆಸರಿಡುವಂತಿರಲಿಲ್ಲ. ಆದರೆ ಮೂರು ವರ್ಷ ಹಿಡಿದಿಟ್ಟಿದ್ದ ಸಂಗೀತ ಕಛೇರಿಗಳೆಲ್ಲ ಹಳೆಯ ಬಾಕ್ಸಿನ ಜೊತೆಗೇ ಹೋದವು. ಎಷ್ಟೋ ಕಡೆ ಬಾಕ್ಸ್ ಸುಡುವುದೂ ಬೇಡ. ರೀಚಾರ್ಜ್ ಮುಗಿದರೆ ಹಳೆಯ ರೆಕಾರ್ಡಿಂಗ್ ಕೂಡ ತೆರೆಯುವುದಿಲ್ಲ.

ಹಾಗೆಂದು ಇಂಥ ಬಾಕ್ಸ್ ಬೇಡವೆಂದಲ್ಲ. ‘ಆಮೇಲೆ ನೋಡುವ’ ಮನೆಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಕೊಳ್ಳುವಾಗ ಒಳಗೆ ಎಷ್ಟು ಟ್ಯೂನರ್ ಇದೆ ಕೇಳಿ. ಒಂದೇ ಇದ್ದರೆ ಅತ್ತೆಯ ಧಾರಾವಾಹಿ ರೆಕಾರ್ಡ್ ಆಗುವಷ್ಟು ಹೊತ್ತು ಮೊಮ್ಮಗನಿಗೆ ಕ್ರಿಕೆಟ್ ಇಲ್ಲ, ಮನೆಯಲ್ಲಿ ಶಾಂತಿಯೂ ಇಲ್ಲ. ಇಡೀ ಧಾರಾವಾಹಿಯನ್ನು ಒಮ್ಮೆ ಹೇಳಿದರೆ ದಿನಾ ತಾನೇ ಹಿಡಿಯುವ ಸೌಲಭ್ಯ ಇದೆಯೇ ನೋಡಿ. ಕಾರ್ಯಕ್ರಮದ ಹಿಂದೆ ಮುಂದೆ ಒಂದಿಷ್ಟು ನಿಮಿಷ ಸೇರಿಸಲು ಬರುತ್ತದೆಯೇ ಎಂಬುದು ಇನ್ನೂ ಮುಖ್ಯ. ನಮ್ಮ ವಾಹಿನಿಗಳು ತಾವೇ ಪ್ರಕಟಿಸಿದ ವೇಳೆಗೆ ತಾವೇ ಬೆಲೆ ಕೊಡುವುದಿಲ್ಲ. ರಿಯಾಲಿಟಿ ಶೋ ಫಿನಾಲೆಯಂತೂ ಗೆದ್ದವರ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ರೆಕಾರ್ಡಿಂಗ್ ಮುಗಿದಿರುತ್ತದೆ. ಮೊದಲಿಗೆ ಐದು ನಿಮಿಷ, ಕೊನೆಗೆ ಹದಿನೈದು ನಿಮಿಷ ಸೇರಿಸುವುದು ಕ್ಷೇಮ.

ಇನ್ನೊಂದು ಜಾತಿ ಇದೆ. ಡಬ್ಬದ ಮೇಲೆ ‘ರೆಕಾರ್ಡಿಂಗ್ ರೆಡಿ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಒಳಗೆ ಡಿಸ್ಕ್ ಇರುವುದಿಲ್ಲ, ಹಿಂದೆ ಒಂದು ಯುಎಸ್‌ಬಿ ಕಿಂಡಿ ಇರುತ್ತದೆ. ಡಿಸ್ಕ್ ನೀವು ತರಬೇಕು, ಕೆಲವು ಕಂಪನಿಗಳಿಗೆ ರೆಕಾರ್ಡಿಂಗ್ ಸೌಲಭ್ಯಕ್ಕೆಂದೇ ಬೇರೆ ಹಣವನ್ನೂ ಕಟ್ಟಬೇಕು. ಡಿಸ್ಕ್ ನಮ್ಮದೇ ಅಲ್ಲವೇ, ರೆಕಾರ್ಡಿಂಗೂ ನಮ್ಮದೇ ಎಂದು ಅನ್ನಿಸುವುದು ಸಹಜ. ಅಲ್ಲ. ಇಲ್ಲಿಯೂ ಬಾಕ್ಸ್ ಬೀಗ ಹಾಕಿಯೇ ಬರೆಯುತ್ತದೆ. ಕೆಲವು ಬಾಕ್ಸ್‌ಗಳು ಮೊದಲ ಸಲ ಡಿಸ್ಕ್ ಚುಚ್ಚಿದಾಗ ಅದರಲ್ಲಿರುವುದನ್ನೆಲ್ಲ ಅಳಿಸಿ ತಮಗೆ ಬೇಕಾದಂತೆ ಫಾರ್ಮ್ಯಾಟ್ ಮಾಡಿಕೊಳ್ಳುತ್ತವೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಕೇಳುತ್ತದೆ, ನಾವು ‘ಓಕೆ’ ಒತ್ತುತ್ತೇವೆ, ಮದುವೆಯ ಫೋಟೊಗಳು ಹೋಗುತ್ತವೆ. ಖಾಲಿ ಡಿಸ್ಕನ್ನೇ ಬಳಸಿ.

ಯುಎಸ್‌ಬಿ ರೆಕಾರ್ಡಿಂಗ್ ಇದೆ ಎನ್ನುವ ಟಿವಿಗಳ ಕತೆಯೂ ಹೆಚ್ಚುಕಡಿಮೆ ಇದೇ. ಅವು ತಮ್ಮೊಳಗಿನ ಟ್ಯೂನರಿಗೆ ಬಂದದ್ದನ್ನು ಮಾತ್ರ ಹಿಡಿಯುತ್ತವೆ. ಎಚ್‌ಡಿಎಂಐ ತಂತಿಯಲ್ಲಿ ಸೆಟ್‌ಟಾಪ್ ಬಾಕ್ಸಿನಿಂದ ಬರುವ ಚಿತ್ರಕ್ಕೂ ಆ ಸೌಲಭ್ಯಕ್ಕೂ ಸಂಬಂಧವಿಲ್ಲ. ಹಿಡಿದದ್ದು ಕೂಡ ಸಾಮಾನ್ಯವಾಗಿ ಅದೇ ಟಿವಿಯಲ್ಲಷ್ಟೇ ಓಡುತ್ತದೆ. ಟಿವಿ ಬದಲಾಯಿಸುವ ದಿನ ಎಲ್ಲಕ್ಕೂ ಕೈಮುಗಿಯಬೇಕು.

ಹಾಗಾದರೆ ಇಟ್ಟುಕೊಳ್ಳಬೇಕಾದವರಿಗೆ ಏನು ದಾರಿ? ಕಾರ್ಯಕ್ರಮ ದೂರದರ್ಶನದ್ದಾದರೆ ದಾರಿ ಸಲೀಸು, ಅಗ್ಗ ಕೂಡ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾಗಿ ಈಗ ಡಿಡಿ ಫ್ರೀ ಡಿಶ್ ಆಗಿರುವ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಚಂದನ ಅದರಲ್ಲಿ ಬೀಗವಿಲ್ಲದೆ ಬರುತ್ತದೆ. ಅದಕ್ಕೊಂದು ಪುಟ್ಟ ಡಿಶ್, ಒಂದು ಸಾಧಾರಣ ಬಾಕ್ಸ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಡಿಶ್ ಅಂಗಡಿಯಲ್ಲೋ ಕೇಳುವಾಗ ‘ಪೆನ್‌ಡ್ರೈವ್‌ಗೆ ರೆಕಾರ್ಡ್ ಆಗುವ ಫ್ರೀ ಡಿಶ್ ಬಾಕ್ಸ್’ ಎಂದೇ ಬಿಡಿಸಿ ಕೇಳಿ. ಎಲ್ಲದರಲ್ಲೂ ಅದು ಇರುವುದಿಲ್ಲ. ಪೆನ್‌ಡ್ರೈವ್ ಚುಚ್ಚಿ, ಚಂದನ ಹಾಕಿ, ರಿಮೋಟಿನಲ್ಲಿ ಕೆಂಪು ಚುಕ್ಕೆಯ ಗುಂಡಿ ಒತ್ತಿ. ಪರದೆಯ ಮೂಲೆಯಲ್ಲಿ ಕೆಂಪು ಗುರುತು ಬಂದು ಪೆನ್‌ಡ್ರೈವಿನ ದೀಪ ಮಿಣುಕತೊಡಗುತ್ತದೆ. ನಿಲ್ಲಿಸಲು ಚೌಕದ ಗುಂಡಿಯನ್ನೇ ಒತ್ತಬೇಕು. ಓಡುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತರೆ ಕಡತ ಅಪೂರ್ಣವಾಗಿ ಉಳಿದು ಆಮೇಲೆ ತೆರೆಯದೆ ಹೋಗಬಹುದು.

ಈಗ ನಿಜವಾದ ಪರೀಕ್ಷೆ. ಅಂಗಡಿಯಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿಸಿ, ಆ ಪೆನ್‌ಡ್ರೈವನ್ನು ಅವರದೇ ಕಂಪ್ಯೂಟರಿಗೆ ಹಾಕಿಸಿ. ಒಂದು ಫೋಲ್ಡರ್ ಕಾಣುತ್ತದೆ, ಅದರೊಳಗೆ ತಾರೀಕು, ವೇಳೆ, ವಾಹಿನಿಯ ಹೆಸರು ಸೇರಿಸಿದ ಉದ್ದನೆಯ ಹೆಸರಿನ ಕಡತ ಇರುತ್ತದೆ. ಹೆಸರಿನ ಬಾಲದಲ್ಲಿ ‘ಟಿಎಸ್’ ಎಂದಿದ್ದರೆ ಒಳ್ಳೆಯ ಲಕ್ಷಣ. ಉಪಗ್ರಹದಿಂದ ಬಂದ ಪ್ರವಾಹವನ್ನು ಬಾಕ್ಸ್ ಇದ್ದದ್ದು ಇದ್ದ ಹಾಗೆ ಬರೆದಿದೆ ಎಂದರ್ಥ. ವಿಎಲ್‌ಸಿ ಪ್ಲೇಯರಿನಲ್ಲಿ ಅದನ್ನು ಓಡಿಸಿ. ಚಿತ್ರವೂ ಮಾತೂ ಬಂದರೆ ಹಣ ಎಣಿಸಿ ಕೊಡಿ. ಬರದಿದ್ದರೆ ಅಂಗಡಿಯವನು ಎಷ್ಟೇ ಆಣೆ ಹಾಕಲಿ, ಆ ಬಾಕ್ಸ್ ನಿಮ್ಮ ಕೆಲಸದ್ದಲ್ಲ. ಈ ಒಂದು ಪರೀಕ್ಷೆಯನ್ನು ಯಾವ ರೆಕಾರ್ಡರಿಗೂ ಹಚ್ಚಬಹುದು. ಡಬ್ಬದ ಮೇಲಿನ ಬರಹ, ಯೂಟ್ಯೂಬಿನ ಹೊಗಳಿಕೆ ಎಲ್ಲಕ್ಕಿಂತ ಇದನ್ನು ನಂಬಿ.

ಜಾಗದ ಮಾತಿಗೆ ಈಗ ಬರೋಣ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಬರುವ ಪ್ರಸಾರ ಗಂಟೆಗೆ 450 ಎಂಬಿ ತಿನ್ನುತ್ತದೆ. ಸಾಧಾರಣ ಚಿತ್ರ 3 ಮೆಗಾಬಿಟ್ ಎಂದುಕೊಂಡರೆ ಗಂಟೆಗೆ 1.35 ಜಿಬಿ, ಎಚ್‌ಡಿ 8 ಮೆಗಾಬಿಟ್ ಎಂದುಕೊಂಡರೆ 3.6 ಜಿಬಿ. ವಾರಕ್ಕೆ ಐದು ದಿನದ ಅರ್ಧ ಗಂಟೆಯ ಧಾರಾವಾಹಿ ಸಾಧಾರಣ ಚಿತ್ರದಲ್ಲಿ ಒಂದು ವರ್ಷಕ್ಕೆ 175 ಜಿಬಿ ಆಸುಪಾಸು. ಅಂದರೆ ಮಗಳ ಹಾಡಿಗೆ ಒಂದು ಟಿಬಿ ಡಿಸ್ಕ್ ಬೇಕಿಲ್ಲ, ಹಳೆಯ 16 ಜಿಬಿ ಪೆನ್‌ಡ್ರೈವ್ ಧಾರಾಳ. ಕಾಡುವುದು ಒಟ್ಟು ಜಾಗವಲ್ಲ, ಫಾರ್ಮ್ಯಾಟ್. ಅನೇಕ ಪೆನ್‌ಡ್ರೈವ್‌ಗಳು ಬರುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. 8 ಮೆಗಾಬಿಟ್ಟಿನ ಎಚ್‌ಡಿ ಪ್ರಸಾರವಾದರೆ ಅದು ಸುಮಾರು 70 ನಿಮಿಷಕ್ಕೇ ತುಂಬಿತು. ಜಾಣ ಬಾಕ್ಸ್ ಅಲ್ಲಿಗೆ ಕಡತ ತುಂಡರಿಸಿ ಮುಂದಿನದನ್ನು ಶುರುಮಾಡುತ್ತದೆ. ದಡ್ಡ ಬಾಕ್ಸ್ ಸುಮ್ಮನೆ ನಿಲ್ಲಿಸುತ್ತದೆ, ಹೇಳುವುದೂ ಇಲ್ಲ. ಯಕ್ಷಗಾನದ ಪ್ರಸಂಗ ಹಿಡಿಯಲು ಇಟ್ಟು ಮಲಗಿದವರಿಗೆ ಬೆಳಿಗ್ಗೆ ಸಿಗುವುದು ಒಡ್ಡೋಲಗ ಮಾತ್ರ. ಬಾಕ್ಸ್ ಎನ್‌ಟಿಎಫ್‌ಎಸ್ ಅನ್ನು ಒಪ್ಪುತ್ತದೆಯೇ ನೋಡಿ ಆ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ.

ಪೆನ್‌ಡ್ರೈವ್ ಬದಲು ಪೋರ್ಟಬಲ್ ಹಾರ್ಡ್‌ಡಿಸ್ಕ್ ಹಾಕುವವರಿಗೆ ಒಂದು ಮಾತು. ಅಗ್ಗದ ಬಾಕ್ಸಿನ ಯುಎಸ್‌ಬಿ ಕಿಂಡಿಗೆ ಡಿಸ್ಕ್ ತಿರುಗಿಸುವಷ್ಟು ವಿದ್ಯುತ್ ಕೊಡುವ ತ್ರಾಣ ಇರುವುದಿಲ್ಲ. ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಡಿಸ್ಕ್ ಬಂದು ಹೋಗಿ ಮಾಡುತ್ತಿದ್ದರೆ ಅದೇ ರೋಗ. ತನ್ನದೇ ಅಡಾಪ್ಟರ್ ಇರುವ ಡಿಸ್ಕ್ ಅಥವಾ ಯುಎಸ್‌ಬಿ ಹಬ್ ತಂದರೆ ವಾಸಿಯಾಗುತ್ತದೆ. ಇನ್ನು ರಸ್ತೆ ಬದಿಯಲ್ಲಿ ಚಿಲ್ಲರೆ ದುಡ್ಡಿಗೆ ಮಾರುವ ಒಂದು ಟಿಬಿ ಪೆನ್‌ಡ್ರೈವ್‌ಗಳ ಕಡೆ ಕಣ್ಣೆತ್ತಿಯೂ ನೋಡಬೇಡಿ. ಅವುಗಳ ಒಳಗೆ ಇರುವುದು ಪುಟ್ಟ ಚಿಪ್. ಕಂಪ್ಯೂಟರಿಗೆ ಸುಳ್ಳು ಲೆಕ್ಕ ಹೇಳುತ್ತದೆ, ಜಾಗ ಮುಗಿದ ಮೇಲೂ ಬರೆಯುತ್ತಿರುವಂತೆ ನಟಿಸುತ್ತದೆ.

ನಡುವೆ ಕೆಲ ಕಾಲ ಡಿವಿಡಿ ರೆಕಾರ್ಡರ್ ಎಂಬ ಯಂತ್ರವೂ ಇತ್ತು. ರೆಕಾರ್ಡ್ ಆದ ಮೇಲೆ ‘ಫೈನಲೈಸ್’ ಎಂಬ ಕೊನೆಯ ಶಾಸ್ತ್ರ ಮಾಡದಿದ್ದರೆ ಆ ಡಿಸ್ಕ್ ಬೇರೆ ಪ್ಲೇಯರಿನಲ್ಲಿ ಓಡುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ, ಯಂತ್ರ ಇನ್ನೂ ಉಸಿರಾಡುತ್ತಿದ್ದರೆ, ಆ ಶಾಸ್ತ್ರ ಮುಗಿಸಿ ಕಂಪ್ಯೂಟರಿಗೆ ನಕಲು ಮಾಡಿಬಿಡಿ. ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಇನ್ನೂ ಬೇಗ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಆ ತಯಾರಿಕೆ ನಿಲ್ಲಿಸಿತು. ಮಲೆನಾಡು, ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ; ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದರೆ ಕಾಣುತ್ತದೆ. ಹಾಗೆಯೇ ಹಾಕಿ ಓಡಿಸಿದರೆ ವಿಸಿಆರ್‌ನ ಹೆಡ್ ಕೂಡ ಕೆಡುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ.

‘ಇಷ್ಟೆಲ್ಲ ಯಾಕೆ, ಎಲ್ಲ ಆ್ಯಪ್‌ನಲ್ಲಿ ಇರುತ್ತಲ್ಲ’ ಎಂಬ ಮಾತು ಬಂದೇ ಬರುತ್ತದೆ. ಕಲರ್ಸ್ ಕನ್ನಡದ ಕಾರ್ಯಕ್ರಮಗಳನ್ನು ವೂಟ್‌ನಲ್ಲಿ ನೋಡುತ್ತಿದ್ದವರು 2023ರಲ್ಲಿ ಜಿಯೊಸಿನಿಮಾಕ್ಕೆ ಹೋಗಬೇಕಾಯಿತು, 2025ರ ಫೆಬ್ರುವರಿಯಲ್ಲಿ ಅಲ್ಲಿಂದ ಜಿಯೊಹಾಟ್‌ಸ್ಟಾರ್‌ಗೆ. ಮಾಲೀಕರು ಬದಲಾದಂತೆ ಏನಿರಬೇಕು, ಏನು ಬೇಡ ಎಂಬ ತೀರ್ಮಾನವೂ ಬದಲಾಗುತ್ತದೆ. ವಾಹಿನಿಯವರೇ ಜೋಪಾನವಾಗಿ ಇಟ್ಟಿರುತ್ತಾರೆ ಎಂದು ನೆಮ್ಮದಿಯಾಗಿರುವುದೂ ಕಷ್ಟ. ಬಿಬಿಸಿಯಂಥ ಸಂಸ್ಥೆ 1960, 70ರ ದಶಕಗಳಲ್ಲಿ ಟೇಪ್ ಉಳಿಸಲು ತನ್ನದೇ ಕಾರ್ಯಕ್ರಮಗಳನ್ನು ಅಳಿಸಿತು. ‘ಡಾಕ್ಟರ್ ಹೂ’ ಸರಣಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಅವುಗಳ ಧ್ವನಿಯಾದರೂ ಉಳಿದಿದ್ದರೆ ಅದಕ್ಕೆ ಕಾರಣ, ಆಗ ಮನೆಯಲ್ಲಿ ಟಿವಿಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತ ಅಭಿಮಾನಿ ಹುಡುಗರು. ಫಿಲಡೆಲ್ಫಿಯಾದ ಮ್ಯಾರಿಯನ್ ಸ್ಟೋಕ್ಸ್ ಎಂಬಾಕೆ 2012ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಹಗಲೂ ರಾತ್ರಿ ಟಿವಿ ಸುದ್ದಿ ರೆಕಾರ್ಡ್ ಮಾಡಿದರು. ಸುಮಾರು 70,000 ಕ್ಯಾಸೆಟ್! ಮನೆಯವರ ಪಾಡು ಏನಾಗಿತ್ತೋ. ಆದರೆ ಆ ರಾಶಿಯೀಗ ಇಂಟರ್‌ನೆಟ್ ಆರ್ಕೈವ್‌ನ ಕೈಯಲ್ಲಿದೆ.

ಕಾನೂನು ಏನನ್ನುತ್ತದೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಪ್ರಕಾರ, ಸ್ವಂತ ಬಳಕೆಗೆ ತಾನೇ ಮಾಡಿಕೊಂಡ ರೆಕಾರ್ಡಿಂಗ್ ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ. ಅದನ್ನೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ, ಯೂಟ್ಯೂಬಿಗೆ ಏರಿಸಿದರೆ ಸ್ವಂತ ಬಳಕೆ ಎನ್ನಲು ಬರುವುದಿಲ್ಲ. 2012ರ ತಿದ್ದುಪಡಿ 65ಎ ಎಂಬ ಕಲಂ ಸೇರಿಸಿದೆ: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ. ಎಚ್‌ಡಿಎಂಐ ಕಿಂಡಿಯಿಂದ ಹೊರಡುವ ಚಿತ್ರಕ್ಕೆ ಎಚ್‌ಡಿಸಿಪಿ ಎಂಬ ಬೀಗ ಇರುವುದರಿಂದ ಚಿತ್ರವನ್ನು ಹಿಡಿದು ಕಂಪ್ಯೂಟರಿಗೆ ಕೊಡುವ ಸರಿಯಾದ ಕ್ಯಾಪ್ಚರ್ ಸಾಧನ ಅಲ್ಲಿ ಕಪ್ಪು ಪರದೆ ತೋರಿಸಿ ಕೈಚೆಲ್ಲುತ್ತದೆ. ಅದನ್ನು ಮೀರುವ ಅಡ್ಡದಾರಿಗಳ ಸಹವಾಸ ಬೇಡ.

ಕಾರ್ಯಕ್ರಮ ಖಾಸಗಿ ವಾಹಿನಿಯಲ್ಲಿ, ಮನೆಯಲ್ಲಿರುವುದು ಡಿಟಿಎಚ್ ಅಥವಾ ಕೇಬಲ್ ಬಾಕ್ಸ್ ಮಾತ್ರ ಎನ್ನುವವರಿಗೆ ಉಳಿದಿರುವುದು ಬಾಕ್ಸಿನ ಹಿಂದಿನ ಹಳದಿ, ಕೆಂಪು, ಬಿಳಿ ಕಿಂಡಿಗಳು. ಅಲ್ಲಿ ಎಚ್‌ಡಿಸಿಪಿ ಇಲ್ಲ. ಆ ಮೂರು ಪಿನ್‌ಗಳನ್ನು ಯುಎಸ್‌ಬಿ ಕ್ಯಾಪ್ಚರ್ ಎಂದು ಕೇಳಿದರೆ ಸಿಗುವ ಪುಟ್ಟ ಸಾಧನಕ್ಕೆ ಜೋಡಿಸಿ, ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿ ರೆಕಾರ್ಡ್ ಮಾಡಬಹುದು. ಎಚ್‌ಡಿ ಹೊಳಪು ಬರುವುದಿಲ್ಲ, ಆದರೆ ಬಂದದ್ದು ನಿಮ್ಮ ಕೈಯಲ್ಲಿರುತ್ತದೆ. ಹೊಸ ಬಾಕ್ಸ್‌ಗಳಲ್ಲಿ ಮೂರು ಕಿಂಡಿಯ ಬದಲು ಇಯರ್‌ಫೋನಿನದರಂಥ ಒಂದೇ ತೂತು ಇರಬಹುದು. ಅದಕ್ಕೆ ಬೇರೆ ಕೇಬಲ್ ಸಿಗುತ್ತದೆ. ಚಿತ್ರ ಕಪ್ಪು ಬಿಳುಪಾಗಿ ಬಂದರೆ ಬಾಕ್ಸ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಸಾಫ್ಟ್‌ವೇರಿನಲ್ಲಿ ಎನ್‌ಟಿಎಸ್‌ಸಿ ಎಂದಿರುವುದನ್ನು ಪಾಲ್ ಎಂದು ಬದಲಾಯಿಸಿ, ಬಣ್ಣ ಬರುತ್ತದೆ. ಮಾತು ಕೇಳದಿದ್ದರೆ ಧ್ವನಿಯ ಮೂಲ ಲ್ಯಾಪ್‌ಟಾಪಿನ ಮೈಕ್ ಆಗಿಯೇ ಉಳಿದಿರುತ್ತದೆ. ಕ್ಯಾಪ್ಚರ್ ಸಾಧನವನ್ನು ಆರಿಸಿಕೊಳ್ಳಬೇಕು. ಇದನ್ನೆಲ್ಲ ಕಾರ್ಯಕ್ರಮದ ಹಿಂದಿನ ದಿನವೇ, ಅದೇ ವಾಹಿನಿ ಹಾಕಿಕೊಂಡು, ಹತ್ತು ನಿಮಿಷ ರೆಕಾರ್ಡ್ ಮಾಡಿ ನೋಡಿ. ಲ್ಯಾಪ್‌ಟಾಪ್ ನಡುವೆ ನಿದ್ದೆಹೋಗದಂತೆ ಸೆಟ್ಟಿಂಗ್ ಬದಲಾಯಿಸಿ, ಚಾರ್ಜರ್ ಹಾಕಿಯೇ ಇಡಿ. ಮರುದಿನ ಸಿಕ್ಕ ಕಡತವನ್ನು ಎರಡು ಕಡೆ ಇಡಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ತವರಿನಲ್ಲೋ ತಮ್ಮನ ಮನೆಯಲ್ಲೋ.